ಹಟ್ಟಿಯ ಹಿಂದೆ ಬಿಳಿಕಲ್ಲಿನ ಪಟ್ಟಿ: ಚಿನ್ನವೋ ಕಾಗೆಬಂಗಾರವೋ?

ಗುಡ್ಡೆಮನೆ · ಜನವರಿ 18

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಜಿಲ್ಲೆಯಲ್ಲಿ, ಹೆಬ್ರಿಯಿಂದ ಸ್ವಲ್ಪ ಒಳಗೆ. ಹೊಸ ಹಟ್ಟಿಗೆ ಜಾಗ ಸಾಲದೆ ಕಳೆದ ತಿಂಗಳು ಜೆಸಿಬಿ ತರಿಸಿ ಗುಡ್ಡೆಯ ಬುಡ ಕಡಿಸಿದೆವು. ಮೇಲೆ ನಾಲ್ಕೈದು ಅಡಿ ಮುರಕಲ್ಲು ಅಂದರೆ ಜಂಬಿಟ್ಟಿಗೆ, ಅದರ ಕೆಳಗೆ ಹತ್ತು ಹನ್ನೆರಡು ಅಡಿ ಶೇಡಿ ಅನ್ನುವ ಮೆದು ಮಣ್ಣು, ಬುಡದಲ್ಲಿ ಕಪ್ಪುಬಿಳಿ ಪಟ್ಟೆ ಪಟ್ಟೆಯ ಗಟ್ಟಿ ಪಾದೆ. ಈ ಮೂರನ್ನೂ ಸೀಳಿಕೊಂಡು ಮೇಲಿಂದ ಕೆಳಗಿನವರೆಗೆ ಒಂದು ಬಿಳಿಕಲ್ಲಿನ ಪಟ್ಟಿ ಉಂಟು, ಅಗಲ ಮೂರಡಿ. ಜೆಸಿಬಿಯ ಹಲ್ಲು ತಾಗಿದಾಗ ಕಿಡಿ ಹಾರಿತು. ಬುಡದಲ್ಲಿ ಒಡೆದ ತುಂಡುಗಳ ಒಳಗೆ ಹಳದಿ ಚುಕ್ಕಿಗಳು, ಬಿಸಿಲಿಗೆ ಹಿಡಿದರೆ ಮಿನುಗುತ್ತವೆ.

ಡ್ರೈವರ್ ಸಂಜೆಯೊಳಗೆ ಊರಿಡೀ ಸಾರಿ ಬಂದಿದ್ದ. ಮೂರನೇ ದಿನ ಕಾರಿನಲ್ಲಿ ಇಬ್ಬರು ಬಂದು, ಒಳ್ಳೆಯದಾಗಿ ಹೊಳೆಯುವ ಎರಡು ತುಂಡು ಆರಿಸಿಕೊಂಡು ಹೋದರು. "ಟೆಸ್ಟ್ ಮಾಡಿಸ್ತೇವೆ, ಚಿನ್ನ ಇದ್ರೆ ಅಡ್ವಾನ್ಸ್ ಕೊಡ್ತೇವೆ, ಒಂದು ಅಗ್ರಿಮೆಂಟ್ ಸಾಕು" ಅಂದ್ರು. ಅಪ್ಪ ಅರ್ಧ ಮನಸ್ಸಲ್ಲಿದ್ದಾರೆ. ಗುಳಿಗನ ಕಲ್ಲಿಗೆ ಒಂದು ಎಳನೀರು ಇಡದೆ ಗುಡ್ಡೆ ಕಡಿದದ್ದೇ ತಪ್ಪು ಅಂತ ಅಮ್ಮನದ್ದು ಬೇರೆ ರಾಗ. ಗೊತ್ತಿದ್ದವರು ಸ್ವಲ್ಪ ಹೇಳಿ.

ಕುಂದಾಪ್ರ ಮಾಣಿ · ಜನವರಿ 18

ಹ್ವಾಯ್, ಇನ್ನ್ ದನ ಕಟ್ಟುಕೆ ಹಟ್ಟಿ ಎಂತಕೆ ಮಾರಾಯ್ರೆ, ಬ್ಯಾಂಕ್ ಲಾಕರ್ ಕಟ್ಸಿ.

ಜಪ್ಪು ಟೀಚರ್ · ಜನವರಿ 18

ಮಾಣಿ, ತಮಾಷೆ ಆಮೇಲೆ. ಗುಡ್ಡೆಮನೆಯವರೇ, ಮೊದಲು ಆ ಅಗ್ರಿಮೆಂಟಿಗೆ ಯಾರೂ ಸೈನ್ ಹಾಕಬೇಡಿ. ಇಲ್ಲಿ ಹಟ್ಟಿ ಗಣಿಯ ಕಡೆ ಕೆಲಸ ಮಾಡಿ ನಿವೃತ್ತರಾದ ಒಬ್ಬರಿದ್ದಾರೆ, ಕರೀತೇನೆ. @ಹಳೇಸುತ್ತಿಗೆ

ಹಳೇಸುತ್ತಿಗೆ · ಜನವರಿ 19

ಕರೆದದ್ದಕ್ಕೆ ಬಂದೆ. ನಾನು ಹುಡುಕಿದ್ದು ರಾಯಚೂರಿನ ಹಟ್ಟಿಯ ಚಿನ್ನ, ನಿಮ್ಮದು ದನದ ಹಟ್ಟಿ. ಹೆಸರು ಒಂದೇ ಆದರೂ ಕಲ್ಲು ಒಂದೇ ಅಲ್ಲ. ಹಾಗಂತ ನೋಡದೆ ಇಲ್ಲ ಅನ್ನುವುದೂ ಸರಿಯಲ್ಲ.

ಮನೆಯಲ್ಲೇ ನಾಲ್ಕು ಕೆಲಸ ಮಾಡಿ. ಬಿಳಿಕಲ್ಲನ್ನು ಚೂರಿಯಲ್ಲಿ ಕೆರೆಯಿರಿ. ಗೀರು ಬಿದ್ದರೆ ಅದು ಬೇರೇನೋ. ಬೀಳದೆ ಚೂರಿಯ ಲೋಹವೇ ಕಲ್ಲಿನ ಮೇಲೆ ಬೂದಿ ಗೆರೆ ಬಿಟ್ಟರೆ ಬೆಣಚು, ಅಂದರೆ ಕ್ವಾರ್ಟ್ಜ್. ಎರಡನೆಯದು, ಹಳದಿ ಚುಕ್ಕಿಯ ಮೇಲೆ ದಬ್ಬಣ ಒತ್ತಿ. ಚಿನ್ನ ಮೆತ್ತಗೆ ತಗ್ಗುತ್ತದೆ, ಪೈರೈಟ್ ಆದರೆ ಹಿಟ್ಟಾಗಿ ಒಡೆಯುತ್ತದೆ, ಅಭ್ರಕ ಆದರೆ ಪದರ ಏಳುತ್ತದೆ. ಮೂರನೆಯದು, ಬಣ್ಣ ಹಚ್ಚದ ಪಿಂಗಾಣಿಯ ಮೇಲೆ ಉಜ್ಜಿ ಗೆರೆ ನೋಡಿ. ಹಳೆ ಪಿಂಗಾಣಿ ಬಟ್ಟಲಿನ ತಳದ ಒರಟು ಬಳೆ ಸಾಕು. ಮಂಗಳೂರು ಹೆಂಚಿನ ಮೇಲೆ ಉಜ್ಜಬೇಡಿ, ಕೆಂಪಿನಲ್ಲಿ ಏನೂ ಕಾಣುವುದಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹಳದಿ ಇರುವುದು ಪಟ್ಟಿಯ ಯಾವ ಮಟ್ಟದಲ್ಲಿ? ಮೇಲೆ ಶೇಡಿಯ ಮಟ್ಟದಲ್ಲೂ ಉಂಟಾ, ಬುಡದಲ್ಲಿ ಮಾತ್ರವಾ?

ಗುಡ್ಡೆಮನೆ · ಜನವರಿ 21

ಮಾಡಿದೆ ಸರ್. ಬಿಳಿಕಲ್ಲಿಗೆ ಚೂರಿ ನಾಟಲಿಲ್ಲ. ಹಳದಿಯಲ್ಲಿ ಎರಡು ಜಾತಿ ಉಂಟು. ತೆಳ್ಳಗಿನದು ಉಗುರು ಹಾಕಿದರೆ ಪದರ ಪದರವಾಗಿ ಏಳುತ್ತದೆ, ಅದು ಪಟ್ಟಿಯ ಅಂಚಿನಲ್ಲಿ. ಇನ್ನೊಂದು ಸಕ್ಕರೆ ಹರಳಿನ ಹಾಗೆ ಚೌಕ ಚೌಕ, ದಬ್ಬಣ ಒತ್ತಿದರೆ ಪುಡಿ. ಪಿಂಗಾಣಿಯ ಮೇಲೆ ಹಸಿರು ಮಿಶ್ರಿತ ಕಪ್ಪು ಗೆರೆ ಬಂತು. ಅಮ್ಮನ ಉಪ್ಪಿನಕಾಯಿ ಭರಣಿಯ ತಳ ಉಪಯೋಗಿಸಿದ್ದಕ್ಕೆ ಬೈಗುಳವೂ ಬಂತು.

ನೀವು ಕೇಳಿದ ಮೇಲೆಯೇ ಗಮನಿಸಿದ್ದು, ಚೌಕದ ಹಳದಿ ಇರುವುದು ಬುಡದ ಗಟ್ಟಿ ಪಾದೆಯ ಮಟ್ಟದಲ್ಲಿ ಮಾತ್ರ. ಮೇಲೆ ಶೇಡಿಯ ಹತ್ತಿರ ಅದೇ ಬಿಳಿಕಲ್ಲಿನಲ್ಲಿ ಚೌಕ ಚೌಕ ತೂತುಗಳು, ಒಳಗೆ ತುಕ್ಕಿನ ಪುಡಿ.

ಹಳೇಸುತ್ತಿಗೆ · ಜನವರಿ 21

ಆ ಕೊನೆಯ ಸಾಲು ನೀವೇ ಕಂಡು ಬರೆದದ್ದು, ಅದಕ್ಕೆ ಬೆಲೆ ಉಂಟು.

ಪದರ ಏಳುವುದು ಕಾಗೆಬಂಗಾರ, ಅಭ್ರಕ. ಚೌಕದ್ದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ್ದು. ಮಳೆನೀರು, ಗಾಳಿ ತಾಗಿದಲ್ಲಿ ಪೈರೈಟ್ ಕರಗಿ ಹೋಗಿ ಅದರ ಅಚ್ಚು ಮಾತ್ರ ತೂತಾಗಿ ಉಳಿಯುತ್ತದೆ, ಅದರೊಳಗೆ ತುಕ್ಕು. ನೀರು ಇಳಿಯದ ಬುಡದಲ್ಲಿ ಹಾಗೆಯೇ ಇದೆ.

ಪೈರೈಟ್ ಅಂದಕೂಡಲೇ ಕೈಬಿಡಬೇಡಿ, ಯಾಕೆಂದರೆ ಚಿನ್ನ ಎಷ್ಟೋ ಕಡೆ ಪೈರೈಟಿನ ಜೊತೆಗೇ ಬಂದು ಕೂತಿರುತ್ತದೆ. ಚಿನ್ನಕ್ಕೆ ತುಕ್ಕು ಇಲ್ಲ. ಪೈರೈಟ್ ಕರಗಿ ಹೋದರೂ ಅದರೊಳಗಿದ್ದ ಚಿನ್ನ ಆ ತೂತಿನಲ್ಲೇ ಉಳಿಯಬೇಕು. ಆದ್ದರಿಂದ ನೀವು ಪರೀಕ್ಷಿಸಬೇಕಾದದ್ದು ಮಿನುಗುವ ಕಲ್ಲನ್ನಲ್ಲ, ಆ ತುಕ್ಕು ಹಿಡಿದ ಕೊಳಕು ಕಲ್ಲನ್ನು. ಕಾರಿನವರು ಯಾವುದನ್ನು ಆರಿಸಿಕೊಂಡು ಹೋದರು ಅಂತ ನೆನಪು ಮಾಡಿಕೊಳ್ಳಿ.

ಒಂದೆರಡು ಕೆಜಿ ತುಕ್ಕಿನ ಕಲ್ಲು ಒಡೆದು, ನೀರು ಹಾಕಿಕೊಂಡೇ ನುಣ್ಣಗೆ ಜಜ್ಜಿ. ಒಣಗಿದ್ದನ್ನು ಜಜ್ಜಿದರೆ ಆ ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ, ಸಿಲಿಕೋಸಿಸ್ ಬರುವುದು ಹಾಗೆ. ಆಮೇಲೆ ಅಗಲವಾದ ಬೋಗುಣಿಯಲ್ಲಿ, ಅಕ್ಕಿಯಲ್ಲಿ ಕಲ್ಲು ಗಾಳಿಸುವ ಹಾಗೆ ಗಾಳಿಸಿ. ಬೆಣಚಿನ ಸಾಂದ್ರತೆ 2.65, ಪೈರೈಟಿನದ್ದು ಸುಮಾರು 5, ಚಿನ್ನದ್ದು 19.3. ಇದ್ದರೆ ತಳದಲ್ಲಿ ಬಾಲದ ಹಾಗೆ ಹಳದಿ ಗೆರೆ ಎಳೆದು ನಿಲ್ಲುತ್ತದೆ. ಗದಗದ ಕಪ್ಪತಗುಡ್ಡದ ತೊರೆಗಳಲ್ಲಿ ಜಾಲಗಾರರು ತಲೆಮಾರುಗಳಿಂದ ಮಾಡುತ್ತಿದ್ದದ್ದು ಇದನ್ನೇ. ಪಾದರಸ ಗೀದರಸ ಅಂತ ಯಾರಾದರೂ ಹೇಳಿದರೆ ಹಟ್ಟಿಯ ಹತ್ತಿರಕ್ಕೂ ಬಿಡಬೇಡಿ.

ಅಂಬಲಪಾಡಿ ಹುಡುಗಿ · ಜನವರಿ 22

ಸರ್, ಇಂಥ ಪಟ್ಟಿ ಆಗುವುದು ಹೇಗೆ? ಮಲ್ಪೆಯ ಎದುರು ಸೈಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬದ ಕಲ್ಲು ಉಂಟಲ್ಲ, ಅದರ ಹಾಗೆ ಲಾವಾವಾ?

ಹಳೇಸುತ್ತಿಗೆ · ಜನವರಿ 22

ಅಲ್ಲ. ದ್ವೀಪದ್ದು ಲಾವಾ, ಸುಮಾರು 9 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದ್ದು. ಆರುವಾಗ ಕುಗ್ಗಿ ಕಂಬಗಳಾಗಿ ಸೀಳಿತು. ಹೆಬ್ರಿಯ ಪಟ್ಟೆ ಪಟ್ಟೆ ಪಾದೆ ನೈಸ್ ಶಿಲೆ, 300 ಕೋಟಿ ವರ್ಷಕ್ಕೂ ಹಳೆಯದು. ಅದರ ಮುಂದೆ ದ್ವೀಪದ ಲಾವಾ ನಿನ್ನೆ ಹುಟ್ಟಿದ ಶಿಶು.

ಬಿಳಿಕಲ್ಲಿನ ಎಳೆ ಲಾವಾ ಹರಿದು ಆದದ್ದಲ್ಲ, ಬಿಸಿನೀರು ಹರಿದು ಆದದ್ದು. ನೆಲದಾಳದಲ್ಲಿ, ಕಿಲೋಮೀಟರುಗಟ್ಟಲೆ ಕೆಳಗೆ, ನೀರು ಒತ್ತಡದಲ್ಲಿ 250-350 ಡಿಗ್ರಿ ಬಿಸಿಯಲ್ಲಿದ್ದರೂ ಕುದಿಯದೆ ಇರುತ್ತದೆ. ಅಂಥ ನೀರು ಕಲ್ಲಿನಿಂದ ಸಿಲಿಕವನ್ನು, ಅಂದರೆ ಬೆಣಚಾಗುವ ಪದಾರ್ಥವನ್ನು, ಕರಗಿಸಿಕೊಳ್ಳುತ್ತದೆ, ಗಂಧಕ ಇದ್ದರೆ ಅದರ ಜೊತೆ ಜೋಡಿಯಾಗಿ ಚಿನ್ನವೂ ಕರಗುತ್ತದೆ. ಭೂಮಿ ಅದುರಿ ಕಲ್ಲು ಬಿರಿದಾಗ ಬಿರುಕಿನಲ್ಲಿ ಒತ್ತಡ ತಟ್ಟನೆ ಇಳಿಯುತ್ತದೆ. ಇಳಿದ ಗಳಿಗೆಯಲ್ಲಿ ಸಿಲಿಕ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿನೀರಿನ ಹಂಡೆಯೊಳಗೆ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಹಾಗೆ ಪದರದ ಮೇಲೆ ಪದರ. ಬಿರುಕು ಮುಚ್ಚುತ್ತದೆ, ಒತ್ತಡ ಏರುತ್ತದೆ, ಮತ್ತೆ ಬಿರಿಯುತ್ತದೆ. ಹೀಗೆ ನೂರಾರು ಸಲ. ಗೋಡೆಯ ಕಲ್ಲಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ನೀರಿನಲ್ಲಿದ್ದ ಗಂಧಕ ಅದಕ್ಕೆ ಗಂಟು ಬಿದ್ದು ಪೈರೈಟ್ ಆಗುತ್ತದೆ. ಗಂಧಕದ ಜೋಡಿ ತಪ್ಪಿದ ಚಿನ್ನಕ್ಕೆ ನೀರಿನಲ್ಲಿ ಉಳಿಯಲು ದಾರಿಯಿಲ್ಲ, ಅಲ್ಲೇ ಬಿಟ್ಟುಹೋಗುತ್ತದೆ.

ಈ ಕೊನೆಯ ಮಾತೇ ಗುಡ್ಡೆಮನೆಯವರ ಪ್ರಶ್ನೆಗೆ ತಾಗುವುದು. ಕೋಲಾರ, ಹಟ್ಟಿ, ಗದಗ ಮೂರರಲ್ಲೂ ಚಿನ್ನ ಇರುವುದು ಕಬ್ಬಿಣ ಹೆಚ್ಚಿರುವ ಕಪ್ಪುಹಸಿರು ಶಿಸ್ಟ್ ಕಲ್ಲಿನ ಪಟ್ಟಿಗಳಲ್ಲಿ. ಘಟ್ಟ ಹತ್ತಿದರೆ ಕುದುರೆಮುಖದಲ್ಲೂ ಅಂಥ ಶಿಸ್ಟ್ ಪಟ್ಟಿ ಉಂಟು, ಕಬ್ಬಿಣದ ಅದಿರು ಬಂದದ್ದು ಅದರಿಂದ. ಕೆಳಗಿನ ನೈಸ್‌ನಲ್ಲಿ ಕಬ್ಬಿಣ ಕಡಿಮೆ. ಬೆಣಚಿನ ಎಳೆಗಳು ಸಾವಿರ ಇರುತ್ತವೆ, ಹೆಚ್ಚಿನವು ಬರಿ ಬೆಣಚು.

ಮುರಕಲ್ಲು ಮೇಸ್ತ್ರಿ · ಜನವರಿ 23

ನಾನು ಇಪ್ಪತ್ತೆರಡು ವರ್ಷದಿಂದ ಕೋರೆಯಲ್ಲಿ ಇರುವವ. ಇಂಥ ಬಿಳಿ ಎಳೆ ಲೆಕ್ಕ ಇಲ್ಲದಷ್ಟು ನೋಡಿದ್ದೇನೆ. ಕಲ್ಲು ಕೊಯ್ಯುವ ಮೆಶಿನಿನ ಬ್ಲೇಡಿಗೆ ಅದು ಯಮ. ಮುರಕಲ್ಲು ಬೆಣ್ಣೆಯ ಹಾಗೆ ಹೋಗುತ್ತಾ ಇರ್ತದೆ, ಎಳೆ ಸಿಕ್ಕಿದಲ್ಲಿ ಹಲ್ಲು ಹಾರಿ ಹೋಗ್ತದೆ. ಚಿನ್ನ ಇದ್ದಿದ್ರೆ ನಾನು ಇಷ್ಟೊತ್ತಿಗೆ ಬ್ಲೇಡಿನ ಸಾಲ ತೀರಿಸಿ ಆಗ್ತಿತ್ತು.

ತುಕ್ಕು ತುಕ್ಕು ಅಂತೀರಿ ಸರ್. ನಮ್ಮಲ್ಲಿ ತುಕ್ಕು ಹಿಡಿಯದ ಕಲ್ಲು ಯಾವುದುಂಟು? ಮುರಕಲ್ಲು ಅಂದರೇ ತುಕ್ಕು.

ಹಳೇಸುತ್ತಿಗೆ · ಜನವರಿ 23

ಮೇಸ್ತ್ರಿಗಳೇ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಕರಾವಳಿಯಲ್ಲಿ ಅದಿರು ಹುಡುಕುವವನ ತಲೆನೋವೇ ಇದು. ಒಣಪ್ರದೇಶದಲ್ಲಿ ನೆಲದ ಮೇಲೆ ತುಕ್ಕಿನ ಟೊಪ್ಪಿಗೆ ಕಂಡರೆ ಕೆಳಗೆ ಗಂಧಕದ ಅದಿರು ಇರಬಹುದು ಅಂತ ಊಹಿಸಬಹುದು. ಇಲ್ಲಿ ಅಷ್ಟು ಮಳೆ ಸುರಿದು ಕಲ್ಲೆಲ್ಲ ಕೊಳೆತು ಕಬ್ಬಿಣ ಮತ್ತು ಅಲ್ಯುಮಿನಿಯಂ ಮೇಲೆ ಉಳಿದಿದೆ, ಗುಡ್ಡೆ ಇಡೀ ಟೊಪ್ಪಿಗೆ ಹಾಕಿಕೊಂಡು ಕೂತಿದೆ. ಆದ್ದರಿಂದ ನೋಡಬೇಕಾದದ್ದು ತುಕ್ಕನ್ನಲ್ಲ, ತುಕ್ಕಿನ ಆಕಾರವನ್ನು. ಮುರಕಲ್ಲಿನ ತೂತು ಹುಳ ಕೊರೆದ ಹಾಗೆ ಅಡ್ಡಾದಿಡ್ಡಿ, ಪೈರೈಟ್ ಬಿಟ್ಟುಹೋದ ತೂತು ಪೆಟ್ಟಿಗೆಯ ಹಾಗೆ ಮೂಲೆ ಮೂಲೆ.

ಶೇಡಿ ಕೂಡ ಒಂದು ಉಪಕಾರ ಮಾಡಿದೆ. ಅದು ಎಲ್ಲಿಂದಲೋ ಬಂದ ಮಣ್ಣಲ್ಲ, ಅಲ್ಲೇ ಕೊಳೆತ ನೈಸ್. ಅದರಲ್ಲಿದ್ದ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿದೆ, ಪಟ್ಟೆಗಳು ಹಾಗೆಯೇ ಕಾಣುತ್ತವೆ. ಬೆಣಚು ಮಾತ್ರ ಕೊಳೆಯದೆ ನಿಂತಿದೆ. ಮೆದು ಮಣ್ಣಿನ ನಡುವೆ ನಿಮ್ಮ ಎಳೆ ಗೋಡೆಯ ಹಾಗೆ ಕಾಣುವುದು ಅದಕ್ಕೇ.

ಸುರತ್ಕಲ್ ಸಿವಿಲ್ · ಜನವರಿ 23

ನಡುವೆ ಬಾಯಿ ಹಾಕುತ್ತೇನೆ. ಗುಡ್ಡೆ ಕಡಿದು ಆದ ಹದಿನೈದು ಅಡಿಗೂ ಎತ್ತರದ ನೆಟ್ಟಗಿನ ಧರೆ, ಅದರಲ್ಲಿ ಮುಕ್ಕಾಲು ಶೇಡಿ, ಅದರ ಬುಡದಲ್ಲಿ ಹಟ್ಟಿ. ಚಿನ್ನ ಅಲ್ಲಿರಲಿ, ಜೂನಿಗೆ ಮೊದಲು ಆ ಧರೆಗೆ ಏನು ಮಾಡ್ತೀರಿ?

ವಕೀಲಮ್ಮ · ಜನವರಿ 25

ಅಗ್ರಿಮೆಂಟಿನ ವಿಷಯ ಹೇಳಿಬಿಡುತ್ತೇನೆ. ಜಾಗ ನಿಮ್ಮದು ವರ್ಗ ಜಮೀನೇ, ಅಂದರೆ ಸ್ವಂತ ಪಟ್ಟಾ ಜಾಗವೇ ಇರಬಹುದು, ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 70ನೇ ಕಲಂ ಗಣಿ ಮತ್ತು ಖನಿಜದ ಹಕ್ಕು ಸರ್ಕಾರದ್ದು ಅನ್ನುತ್ತದೆ. ಕೇಂದ್ರದ 1957ರ ಗಣಿ ಮತ್ತು ಖನಿಜ ಕಾಯ್ದೆಯ 4ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಗಣಿಗಾರಿಕೆ ಬಿಡಿ, ಅನ್ವೇಷಣೆಗೆ ಅಗೆಯುವಂತೆಯೂ ಇಲ್ಲ. 2015ರ ತಿದ್ದುಪಡಿಯ ನಂತರ ಚಿನ್ನದಂಥ ಖನಿಜದ ಪರವಾನಗಿ ಹರಾಜಿನಲ್ಲೇ ಸಿಗಬೇಕು. ಕಾರಿನಲ್ಲಿ ಬಂದವರ ಜೊತೆ ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಮಾರಲು ನಿಮ್ಮ ಕೈಯಲ್ಲಿ ಏನೂ ಇಲ್ಲ. ಇಲ್ಲದ್ದನ್ನು ಕೊಳ್ಳಲು ಬಂದವರು ಬೇರೇನನ್ನೋ ಕೊಳ್ಳಲು ಬಂದಿದ್ದಾರೆ.

ಬೆಣಚಿನದ್ದೂ ಒಂದು ಕತೆ ಉಂಟು. 2015ರಲ್ಲಿ ಕ್ವಾರ್ಟ್ಜನ್ನು ಕಿರುಖನಿಜ ಮಾಡಿದರು, 2025ರ ಫೆಬ್ರವರಿಯಲ್ಲಿ ಮತ್ತೆ ಪ್ರಧಾನ ಖನಿಜದ ಸಾಲಿಗೆ ತಂದರು. ಬರಿ ಬಿಳಿಕಲ್ಲು ಅಂತ ಟಿಪ್ಪರಿನಲ್ಲಿ ಮಾರಿದರೂ ಕೇಸು ಕೇಸೇ.

ಎಳೆ ಮೇಲಕ್ಕೆ ಎಲ್ಲಿಯವರೆಗೆ ಹೋಗುತ್ತದೆ? ಕುಮ್ಕಿ (ವರ್ಗ ಜಮೀನಿಗೆ ತಾಗಿದ ಸರ್ಕಾರಿ ಜಾಗ) ದಾಟಿ ರಿಸರ್ವ್ ಫಾರೆಸ್ಟಿಗೆ ಹೊಕ್ಕರೆ ಆ ಕಡೆ ಹಾರೆ ಹಿಡಿದುಕೊಂಡು ಹೋಗುವುದೇ ಬೇಡ.

ಗುಡ್ಡೆಮನೆ · ಫೆಬ್ರವರಿ 2

ಗಾಳಿಸಿದ ಕತೆ. ಎರಡು ಕೆಜಿ ತುಕ್ಕಿನ ಕಲ್ಲು ಜಜ್ಜಲಿಕ್ಕೆ ಎರಡು ಸಂಜೆ ಬೇಕಾಯಿತು. ಅಜ್ಜಿಯ ಕಾಲದ ಕಡೆಗಲ್ಲಿನಲ್ಲಿ ಜಜ್ಜುತ್ತೇನೆ ಅಂದದ್ದಕ್ಕೆ ಅಮ್ಮ ಬಾಗಿಲಿಗೆ ಅಡ್ಡ ನಿಂತರು. ಮುರಿದ ಬಾರ್‌ಬೆಲ್ ತೂಕದಲ್ಲಿ ಕೆಲಸ ಆಯಿತು. ಗಾಳಿಸಿ ಗಾಳಿಸಿ ತಳದಲ್ಲಿ ಒಂದು ಚಿಟಿಕೆ ಕಪ್ಪು ಮರಳು ಉಳಿಯಿತು. ಸ್ಪೀಕರಿನ ಅಯಸ್ಕಾಂತ ಹಿಡಿದರೆ ಮುಕ್ಕಾಲು ಭಾಗ ಮೀಸೆ ಕಟ್ಟಿಕೊಂಡು ಮೇಲೆ ಬಂತು. ಉಳಿದದ್ದರಲ್ಲಿ ಹಳದಿ ಇಲ್ಲ. ಭೂತಗನ್ನಡಿಯಲ್ಲೂ ನೋಡಿದೆ, ಇಲ್ಲ.

ಎಳೆ ಮೇಲೆ ಗೇರುಮರಗಳ ಕೆಳಗೆ ಬಿಳಿ ಚೂರುಗಳ ಸಾಲಾಗಿ ಹೋಗಿ ನಮ್ಮ ಕುಮ್ಕಿಯ ಒಳಗೆ ಮಾಯ ಆಗುತ್ತದೆ. ಹೆಜ್ಜೆ ಹಾಕಿ ಅಳೆದೆ, ಅರುವತ್ತು ಮೀಟರ್ ಇರಬಹುದು.

ಹಳೇಸುತ್ತಿಗೆ · ಫೆಬ್ರವರಿ 2

ಹಾಗಾದರೆ ಒಂದು ಆದಿತ್ಯವಾರ ನಾನೇ ಬರುತ್ತೇನೆ. ಮಧ್ಯಾಹ್ನಕ್ಕೆ ಗಂಜಿ ಊಟ ಸಾಕು.

ಗುಡ್ಡೆಮನೆ · ಫೆಬ್ರವರಿ 9

ಸರ್ ಬಂದು ಹೋದರು. ಕಣ್ಣಾರೆ ನೋಡಿದ್ದನ್ನು ಬರೆಯುತ್ತೇನೆ.

ಅವರು ಕಲ್ಲು ಮುಟ್ಟುವ ಮೊದಲು ಅರ್ಧ ಗಂಟೆ ಅಂಗಳದಲ್ಲಿ ನಿಂತು ಧರೆಯನ್ನೇ ನೋಡಿದರು. ಆಮೇಲೆ ದಿಕ್ಸೂಚಿ ತೆಗೆದು ಎಳೆ ಸಾಗುವ ದಿಕ್ಕು, ವಾಲುವ ಕೋನ ಬರೆದುಕೊಂಡರು. ಎಳೆ ಹೆಚ್ಚುಕಡಿಮೆ ನೆಟ್ಟಗೆ, ಮೂಡಲಿಗೆ ಸ್ವಲ್ಪ ವಾಲಿದೆ. "ಅಗಲ ಎಷ್ಟು ಅಂದಿದ್ದಿರಿ?" ಮೂರಡಿ ಅಂದೆ. ನಗಾಡಿದರು. ಜೆಸಿಬಿ ಎಳೆಗೆ ಅಡ್ಡವಾಗಿ ಕಡಿದಿಲ್ಲ, ಓರೆಯಾಗಿ, ಮೂವತ್ತು ಡಿಗ್ರಿಯಲ್ಲಿ ಕಡಿದಿದೆ. ಬಾಳೆಕಾಯಿಯನ್ನು ಓರೆ ಕೊಯ್ದರೆ ಚಿಪ್ಸ್ ಉದ್ದ ಬರುತ್ತದಲ್ಲ, ಹಾಗೆ. ಎಳೆಗೆ ಸರಿಯಾಗಿ ಅಡ್ಡ ಟೇಪು ಹಿಡಿದಾಗ 45 ಸೆಂಟಿಮೀಟರ್, ಒಂದೂವರೆ ಅಡಿ. ಮೇಲೆ ಗೇರುಮರದ ಹತ್ತಿರ ಅದೇ ಎಳೆ ಒಂದು ಗೇಣಿಗೆ ಇಳಿದಿದೆ.

ಕಲ್ಲು ತೆಗೆದ ರೀತಿ ನೋಡಬೇಕಿತ್ತು. ಮೊದಲು ನೀರು, ಬ್ರಶ್ಶು ಹಾಕಿ ಎಳೆಯ ಮುಖ ತೊಳೆಸಿದರು. ಸೀಮೆಸುಣ್ಣದಲ್ಲಿ ಎಳೆಗೆ ಅಡ್ಡವಾಗಿ, ಅಂಗೈ ಅಗಲದ ಎರಡು ಗೆರೆ ಎಳೆದರು. ಕೆಳಗೆ ಟರ್ಪಾಲು. ಆ ಎರಡು ಗೆರೆಗಳ ನಡುವೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಆಳದಲ್ಲಿ ಉಳಿ ಹೊಡೆದು ಬಿದ್ದದ್ದನ್ನೆಲ್ಲ ಚೀಲಕ್ಕೆ ತುಂಬಿದರು, ಮೂರು ಕೆಜಿ. ನಾನು ಒಂದು ಹೊಳೆಯುವ ತುಂಡು ಎತ್ತಿ ಚೀಲಕ್ಕೆ ಹಾಕಲು ಹೋದೆ, ಕೈಗೆ ಒಂದು ಪೆಟ್ಟು ಬಿತ್ತು. ಹೀಗೆ ಐದು ಕಡೆ. ಎಳೆಯ ಎರಡೂ ಬದಿಯ ನೈಸ್‌ನಿಂದ ಒಂದೊಂದು ಚೀಲ. ಎಂಟನೆಯ ಚೀಲಕ್ಕೆ ಅವರ ಕಾರಿನಲ್ಲಿದ್ದ ಕಾರ್ಕಳದ ಗ್ರಾನೈಟ್ ಚೂರು ತುಂಬಿ, ಬೇರೆಯವುಗಳ ಹಾಗೇ ನಂಬರು ಹಾಕಿದರು. ಅದರಲ್ಲಿ ಚಿನ್ನ ಬಂದರೆ ತಪ್ಪು ಲ್ಯಾಬಿನದ್ದು ಅಂತ ಗೊತ್ತಾಗಬೇಕಲ್ಲ ಅಂದರು. ಮೂರನೆಯ ಚೀಲದ್ದನ್ನು ಪುಡಿ ಮಾಡಿಸಿ ಎರಡು ಪಾಲು ಮಾಡಿ, ಎರಡನೇ ಪಾಲಿಗೆ ಒಂಬತ್ತನೇ ನಂಬರು. ಲ್ಯಾಬಿಗೆ ಹೇಳಲಿಲ್ಲ.

ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ. ಭರಣಿ ಅದೇ.

ಅಂಬಲಪಾಡಿ ಹುಡುಗಿ · ಫೆಬ್ರವರಿ 9

ಮೂರು ಕೆಜಿ ಯಾಕೆ? ಒಂದು ಮುಷ್ಟಿ ಸಾಲದಾ?

ಹಳೇಸುತ್ತಿಗೆ · ಫೆಬ್ರವರಿ 10

ಚಿನ್ನ ಕಲ್ಲಿನಲ್ಲಿ ಸಕ್ಕರೆಯ ಹಾಗೆ ಕರಗಿ ಹರಡಿರುವುದಿಲ್ಲ, ಪಾಯಸದ ದ್ರಾಕ್ಷಿಯ ಹಾಗೆ ಅಲ್ಲೊಂದು ಇಲ್ಲೊಂದು. ಒಂದು ಚಮಚದಲ್ಲಿ ಎರಡು ದ್ರಾಕ್ಷಿ ಬಂತು ಅಂತ ಕಡಾಯಿ ಇಡೀ ದ್ರಾಕ್ಷಿ ಅಂದುಕೊಳ್ಳುವುದು ಒಂದು ತಪ್ಪು, ಬರಲಿಲ್ಲ ಅಂತ ಒಂದೂ ಇಲ್ಲ ಅನ್ನುವುದು ಇನ್ನೊಂದು. ಹೆಚ್ಚು ಕಲ್ಲು, ನುಣ್ಣಗೆ ಪುಡಿ, ಚೆನ್ನಾಗಿ ಕಲಸಿ ಪಾಲು ಮಾಡುವುದು. ಬೇರೆ ಉಪಾಯ ಇಲ್ಲ. ಲ್ಯಾಬಿನಲ್ಲಿ ಅದರಿಂದ 30 ಅಥವಾ 50 ಗ್ರಾಂ ಪುಡಿ ತೆಗೆದು ಸೀಸದ ಆಕ್ಸೈಡ್ ಸೇರಿಸಿ ಮೂಸೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸ ಚಿನ್ನ, ಬೆಳ್ಳಿಯನ್ನು ಹೆಕ್ಕಿಕೊಂಡು ತಳಕ್ಕೆ ಇಳಿಯುತ್ತದೆ. ಆ ಗುಂಡನ್ನು ಮತ್ತೆ ಕಾಸಿದರೆ ಸೀಸ ಹೋಗಿ ಸಾಸಿವೆಗಿಂತ ಸಣ್ಣ ಮಣಿ ಉಳಿಯುತ್ತದೆ. ಅಕ್ಕಸಾಲಿಗರಿಗೆ ಹೊಸ ವಿದ್ಯೆ ಏನಲ್ಲ.

ಕುಂದಾಪ್ರ ಮಾಣಿ · ಮಾರ್ಚ್ 1

ಗುಡ್ಡೆಮನೆಯವ್ರೆ, ರಿಸಲ್ಟ್ ಬಂತಾ ಇಲ್ಯಾ? ನಂಗೆ ಕಾದ್ ಕಾದ್ ಸಾಕಾಯ್ತ್.

ಗುಡ್ಡೆಮನೆ · ಮಾರ್ಚ್ 6

ಎರಡು ರಿಸಲ್ಟ್ ಬಂತು.

ಮೊದಲನೆಯದು ಕಾರಿನವರದ್ದು. ಮಡಚಿದ ಒಂದು ಕಾಗದ, ಟನ್ನಿಗೆ 38 ಗ್ರಾಂ ಚಿನ್ನ ಅಂತ ಬರೆದಿದೆ. ಅಪ್ಪ ಆ ರಾತ್ರಿ ಮಲಗಲಿಲ್ಲ. ಮರುದಿನ ಅವರೇ ಫೋನ್ ಮಾಡಿ, ಪಾರ್ಟಿ ರೆಡಿ ಉಂಟು, ಆದರೆ ಸರ್ವೆ ಮತ್ತು ಫೈಲಿನ ಖರ್ಚು ಎರಡು ಲಕ್ಷ ಜಾಗದವರೇ ಹಾಕಬೇಕು ಅಂದರು. ಅಡ್ವಾನ್ಸ್ ಕೊಡಲು ಬಂದವರು ಅಡ್ವಾನ್ಸ್ ಕೇಳಿದರು! ವಕೀಲಮ್ಮನ ಮಾತು ಅಪ್ಪನಿಗೆ ಓದಿ ಹೇಳಿದೆ. ಮತ್ತೆ ಅವರ ಫೋನ್ ಎತ್ತಲಿಲ್ಲ.

ಎರಡನೆಯದು ನಮ್ಮ ಒಂಬತ್ತು ಚೀಲದ್ದು. ಎಳೆಯ ಐದರಲ್ಲಿ ನಾಲ್ಕು ಟನ್ನಿಗೆ 0.01 ಗ್ರಾಂಗಿಂತ ಕಡಿಮೆ, ಅಂದರೆ ಅವರ ಯಂತ್ರಕ್ಕೆ ಸಿಗದಷ್ಟು. ಮೂರನೆಯದರಲ್ಲಿ 0.06. ಅದರ ಗುಟ್ಟಿನ ಜೋಡಿ ಒಂಬತ್ತನೆಯದರಲ್ಲಿ 0.02. ಬದಿಯ ನೈಸ್ ಎರಡೂ ಸೊನ್ನೆ, ಕಾರ್ಕಳದ ಗ್ರಾನೈಟೂ ಸೊನ್ನೆ.

ಹಳೇಸುತ್ತಿಗೆ · ಮಾರ್ಚ್ 6

ಗ್ರಾನೈಟ್ ಸೊನ್ನೆ ಬಂತು, ಲ್ಯಾಬು ಶುದ್ಧ. ಒಂದೇ ಪುಡಿಯ ಎರಡು ಪಾಲಿನಲ್ಲಿ 0.06 ಮತ್ತು 0.02 ಬಂತು, ದ್ರಾಕ್ಷಿಯ ಮಾತು ನೆನಪಿರಲಿ.

ಧಾರಾಳವಾಗಿ ಇಡೀ ಎಳೆಗೆ 0.06 ಅಂತಲೇ ಹಿಡಿಯೋಣ. ಉದ್ದ 60 ಮೀಟರ್, ಸರಾಸರಿ ದಪ್ಪ 40 ಸೆಂಟಿಮೀಟರ್, ಆಳ 30 ಮೀಟರ್ ಅಂತ ಸುಮ್ಮನೆ ಇಟ್ಟುಕೊಳ್ಳಿ. 720 ಘನಮೀಟರ್, 2.65ರಿಂದ ಗುಣಿಸಿದರೆ ಸುಮಾರು 1900 ಟನ್ ಕಲ್ಲು. ಅದರಲ್ಲಿ ಚಿನ್ನ 114 ಗ್ರಾಂ.

ಜಪ್ಪು ಟೀಚರ್ · ಮಾರ್ಚ್ 6

ಪವನಿಗೆ ಎಂಟು ಗ್ರಾಂ, ಅಂದರೆ ಹದಿನಾಲ್ಕು ಪವನು. ಹತ್ತು ಟನ್ನಿನ ಟಿಪ್ಪರಿನಲ್ಲಿ ನೂರತೊಂಬತ್ತು ಲೋಡು ಕಲ್ಲಿನಿಂದ ಒಂದು ಮದುವೆಯ ಕರಿಮಣಿ ಮತ್ತು ಬಳೆ. ಡೀಸೆಲ್ ಖರ್ಚು ಗಂಡಿನ ಕಡೆಯವರದ್ದಾ, ಹೆಣ್ಣಿನ ಕಡೆಯವರದ್ದಾ?

ಕಟಪಾಡಿ ಕಾಮತ್ಮಾಮ್ · ಮಾರ್ಚ್ 7

ಇಷ್ಟು ಬೇಗ ಕೈ ತೊಳೆಯುವುದು ಸರಿ ಅಂತ ನನಗೆ ಅನಿಸುವುದಿಲ್ಲ. ಕೋಲಾರದ ಎಳೆಯೂ ತೆಳ್ಳಗೇ ಇತ್ತು ಅಂತ ಓದಿದ್ದೇನೆ. ಮೇಲೆ ಇಲ್ಲದ್ದು ಕೆಳಗೆ ಇರಬಾರದೆಂದು ಉಂಟಾ? ಬೋರ್ ಹೊಡೆಸಿ ನೋಡಬಹುದಲ್ಲ?

ಹಳೇಸುತ್ತಿಗೆ · ಮಾರ್ಚ್ 7

ಮಾಮ್, ನ್ಯಾಯವಾದ ಪ್ರಶ್ನೆ. ಕೋಲಾರದ ಚಾಂಪಿಯನ್ ಎಳೆ ಎಷ್ಟೋ ಕಡೆ ಒಂದು ಮೀಟರಿನ ಆಸುಪಾಸು, ನಿಜ. ಆದರೆ ಸಾಗಿದ್ದು ಸುಮಾರು 8 ಕಿಲೋಮೀಟರ್, ಇಳಿದದ್ದು 3 ಕಿಲೋಮೀಟರಿಗೂ ಆಳಕ್ಕೆ. ಅಷ್ಟಿದ್ದೂ ಚಿನ್ನದ ಪ್ರಮಾಣ ಇಳಿಯುತ್ತಾ ಬಂದು 2001ರಲ್ಲಿ ಮುಚ್ಚಿತು. ಇನ್ನೊಂದು, ಅಲ್ಲಿ ಮೇಲ್ಭಾಗದಲ್ಲೇ ಚಿನ್ನ ಇತ್ತು. ಬ್ರಿಟಿಷರು ಬರುವ ಮೊದಲೇ ಹಳಬರು ತೋಡಿದ ಗುಂಡಿಗಳಿದ್ದವು. ಹಟ್ಟಿಯಲ್ಲಂತೂ ಸುಮಾರು 2000 ವರ್ಷ ಹಿಂದೆಯೇ ಬೆಂಕಿ ಹಾಕಿ ಕಲ್ಲು ಕಾಸಿ, ನೀರು ಹೊಯ್ದು ಬಿರಿಸಿ ಇಳಿದಿದ್ದರು. ಆ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ತಿರುಗಿದ ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಹೆಸರಿರುವ ಶಾಸನ. ಹೆಬ್ರಿಯಲ್ಲಿ ಹಳಬರ ಗುಂಡಿ ಇಲ್ಲ, ತೋಡಿನ ಮರಳಿನಲ್ಲಿ ಗಾಳಿಸಿದವರ ಕತೆಯೂ ಇಲ್ಲ. ಬೋರ್ ಹೊಡೆಯುವುದು ಮೇಲೆ ಸುಳಿವು ಸಿಕ್ಕಿದ ಮೇಲೆ. ಸುಳಿವಿಗಾಗಿ ಬೋರ್ ಹೊಡೆದವರ ಮನೆ ಉಳಿದದ್ದು ನಾನು ನೋಡಿಲ್ಲ.

ನಮ್ಮ ದಕ್ಷಿಣಕ್ಕೆ ವಯನಾಡು, ದೇವಾಲ, ಪಂದಲೂರು ಕಡೆ ಇದೇ ಥರ ಮಳೆ, ಮುರಕಲ್ಲು, ಬೆಣಚಿನ ಎಳೆ. ಅಲ್ಲಿ ಸ್ವಲ್ಪ ಚಿನ್ನವೂ ಇತ್ತು. 1880ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದವು, ಕಾಫಿ ತೋಟಗಳು ಗಣಿಯ ಲೆಕ್ಕದಲ್ಲಿ ಮಾರಾಟವಾದವು. ಕೆಲವೇ ವರ್ಷದಲ್ಲಿ ಎಲ್ಲ ಮಗುಚಿತು. ಮೇಲಿನ ಕೊಳೆತ ಕಲ್ಲಿನಲ್ಲಿ ಕಂಡ ಚಿನ್ನವನ್ನು ನೋಡಿ ಇಡೀ ಎಳೆ ಹಾಗೇ ಇದೆ ಅಂತ ನಂಬಿದ್ದರು. ನಿಮ್ಮಲ್ಲಿ ಮೇಲೂ ಇಲ್ಲ.

ನಕ್ಷೆ ನೋಡುವ ಆಸೆ ಇರುವವರಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಉಡುಪಿ, ಕಾರ್ಕಳ 48ಕೆ ಹಾಳೆಯಲ್ಲಿ, ಮಂಗಳೂರು 48ಎಲ್‌ನಲ್ಲಿ.

ಸುರತ್ಕಲ್ ಸಿವಿಲ್ · ಮಾರ್ಚ್ 8

ಚಿನ್ನದ ಪ್ರಕರಣ ಮುಗಿದಿದ್ದರೆ ನನ್ನ ಜನವರಿಯ ಪ್ರಶ್ನೆಗೆ ಯಾರಾದರೂ ಉತ್ತರ ಕೊಡ್ತೀರಾ? ಶೇಡಿ ಒಣಗಿದ್ದಾಗ ಪಿಕ್ಕಾಸಿಗೆ ಹಠ ಮಾಡ್ತದೆ, ನೀರು ಕುಡಿದರೆ ದೋಸೆಹಿಟ್ಟು. ಈಗ ನೆಟ್ಟಗೆ ನಿಂತಿದೆ ಅಂತ ಜುಲೈಯಲ್ಲಿ ನಿಲ್ಲುವುದಿಲ್ಲ. ಅದರ ಮೇಲೆ ನಿಮ್ಮ ಬಿಳಿ ಎಳೆ. ಬಿರುಕು ಬಿರುಕಿನ ಬೆಣಚು ಗುಡ್ಡೆಯ ನೀರನ್ನು ಪೈಪಿನ ಹಾಗೆ ತಂದು ಧರೆಯ ಮುಖಕ್ಕೆ ಬಿಡುತ್ತದೆ. ಎಳೆಯ ಬುಡ ಈಗಲೂ ಒದ್ದೆ ಉಂಟಾ, ಮುಟ್ಟಿ ನೋಡಿ.

ಗುಡ್ಡೆಮನೆ · ಮಾರ್ಚ್ 9

ಮುಟ್ಟಿ ನೋಡಿದೆ. ಮೂಡು ಬದಿಯಲ್ಲಿ, ಎಳೆ ಮತ್ತು ಪಾದೆ ಕೂಡುವಲ್ಲಿ ಒದ್ದೆ ಉಂಟು. ಬಟ್ಟೆ ಇಟ್ಟರೆ ಬೆಳಿಗ್ಗೆಗೆ ಹಿಂಡುವಷ್ಟು. ಈ ಬಿಸಿಲಿನಲ್ಲಿ!

ಸುರತ್ಕಲ್ ಸಿವಿಲ್ · ಮಾರ್ಚ್ 9

ಹಾಗಾದರೆ ಕೇಳಿ. ಧರೆಯನ್ನು ನೆಟ್ಟಗೆ ಬಿಡಬೇಡಿ, ಎರಡು ಮೆಟ್ಟಿಲು ಮಾಡಿ ಹಿಂದಕ್ಕೆ ವಾಲಿಸಿ. ಮೇಲೆ ಗುಡ್ಡೆಯ ನೀರು ಇಳಿಯದ ಹಾಗೆ ಅಡ್ಡ ಚರಂಡಿ. ಎಳೆಯ ಬುಡದಲ್ಲಿ ತೂತಿನ ಪಿವಿಸಿ ಪೈಪು, ಹೊರಗಿನ ಬಾಯಿ ಸ್ವಲ್ಪ ತಗ್ಗಿರುವ ಹಾಗೆ ತೂರಿಸಿ ನೀರಿಗೆ ದಾರಿ ಕೊಡಿ. ಗೋಡೆ ಕಟ್ಟುವುದಾದರೆ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ತೂತು ಬಿಡಿ. ತೂತಿಲ್ಲದ ಗೋಡೆ ಗೋಡೆಯಲ್ಲ, ಅಣೆಕಟ್ಟು. ಹಟ್ಟಿಯನ್ನು ಧರೆಯ ಎತ್ತರದಷ್ಟಾದರೂ ಈಚೆಗೆ ತನ್ನಿ.

ಗುಡ್ಡೆಮನೆ · ಮೇ 27

ಬಹಳ ದಿನ ಆಯಿತು. ಮೆಟ್ಟಿಲು ಕಡಿಸಿದೆವು, ಅದೇ ಡ್ರೈವರ್. ಪೈಪು ತೂರಿಸಿದ ಮೂರನೇ ದಿನದಿಂದ ಹನಿ ಹನಿ ಬರಲು ಶುರು, ಈಗ ದಿನಕ್ಕೆ ಎರಡು ಕೊಡಪಾನ. ಪೈಪಿನ ಬಾಯಿ ಕೇಸರಿ ಬಣ್ಣಕ್ಕೆ ತಿರುಗಿದೆ. ಸರ್‌ಗೆ ಫೋಟೋ ಕಳಿಸಿದೆ. ಪೈರೈಟ್ ಕರಗಿದ ಕಬ್ಬಿಣ, ಪರೀಕ್ಷೆ ಮಾಡಿಸದೆ ಕುಡಿಯಬೇಡಿ, ತೆಂಗಿನ ಬುಡಕ್ಕೆ ಬಿಡಿ ಅಂದರು. ಮೊನ್ನೆ ರಾತ್ರಿಯ ಮಳೆಗೆ ಧರೆಯಿಂದ ಒಂದು ಬುಟ್ಟಿ ಮಣ್ಣು ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ಹಟ್ಟಿ ಈಗ ಅಂಗಳದ ಈ ಕಡೆ. ಗುಳಿಗನ ಕಲ್ಲಿಗೆ ಎಳನೀರೂ ಆಯಿತು.

ಮುರಕಲ್ಲು ಮೇಸ್ತ್ರಿ · ಮೇ 27

ಕಡಿದ ಬಿಳಿಕಲ್ಲು ಒಂದು ಪಿಕಪ್ ಆಗುವಷ್ಟು ಉಳಿದಿರಬಹುದಲ್ಲ? ನಮ್ಮ ಗೇಟಿನ ಹತ್ತಿರ ಹೂಗಿಡದ ಸುತ್ತ ಇಡಲಿಕ್ಕೆ ಚಂದ. ಸಾಗಾಟ ನಾನೇ ಮಾಡ್ತೇನೆ.

ವಕೀಲಮ್ಮ · ಮೇ 28

ಮೇಸ್ತ್ರಿಗಳೇ, ಜನವರಿ 25ರ ನನ್ನ ಪೋಸ್ಟಿನ ಎರಡನೇ ಪ್ಯಾರಾ ಇನ್ನೊಮ್ಮೆ ಓದಿ.